ಫೈಲ್ ಬರುವ ಪುಟಗಳು

ಗೂಢಚಾರ ಕಾದಂಬರಿಗಳ ಕಥೆ ನನ್ನ ತಲೆಯಲ್ಲಿ ನಿಲ್ಲುವುದೇ ಇಲ್ಲ. ಎರಡು ಮೂರು ಸಲ ಓದಿದ ಪುಸ್ತಕವೂ ಅಷ್ಟೇ. ಯಾರು ಯಾರಿಗೆ ಮೋಸ ಮಾಡಿದರು, ಮೈಕ್ರೋಫಿಲ್ಮ್ ಕೊನೆಗೆ ಯಾರ ಕೈ ಸೇರಿತು, ಸತ್ತವನು ನಿಜಕ್ಕೂ ಯಾವ ಕಡೆಯವನು ಅಂತ ಕೇಳಿದರೆ ಹೇಳಲು ತಡವರಿಸುತ್ತೇನೆ. ಆದರೆ ಬೇರೆ ಕೆಲವು ಸಂಗತಿಗಳು ಅಚ್ಚಳಿಯದೆ ಉಳಿದಿವೆ. ಗಡಿ ಠಾಣೆಯಲ್ಲಿ ಗಂಟೆಗಟ್ಟಲೆ ಕಾಯುವ ಮನುಷ್ಯ. ಬಾಕಿ ಸಂಬಳ, ಭತ್ಯೆಯ ಚಿಂತೆಯಲ್ಲೇ ಕೆಲಸಕ್ಕೆ ಹೊರಡುವ ಏಜೆಂಟ್. ಅಗ್ಗದ ಹೋಟೆಲ್ ರೂಮಿನಲ್ಲಿ ಕೂತು ಹಳೇ ಫೈಲುಗಳನ್ನು ಓದುವ, ದಪ್ಪ ಕನ್ನಡಕದ, ಕೆಲಸದಿಂದ ಹೊರಗೆ ಹಾಕಿಸಿಕೊಂಡ ವಯಸ್ಸಾದ ಗಂಡಸು. ಇವರೆಲ್ಲ ನನಗೆ ನೆಂಟರ ಪೈಕಿಯವರು ಅನ್ನುವಷ್ಟು ಪರಿಚಿತರು.

ಈಚೆಗೆ ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಹೋಗುವಾಗ ಪಕ್ಕದಲ್ಲಿದ್ದ ಕಾಲೇಜು ಹುಡುಗ ನನ್ನ ಕೈಲಿದ್ದ ಪುಸ್ತಕದ ಮುಖಪುಟ ನೋಡಿ "ಇದರಲ್ಲಿ ಫೈಟ್ ಜಾಸ್ತಿ ಉಂಟಾ?" ಅಂತ ಕೇಳಿದ. "ಕಮ್ಮಿ. ಕಾಯುವುದೇ ಜಾಸ್ತಿ" ಅಂದೆ. "ಮತ್ತೆ ಎಂತಕ್ಕೆ ಓದುವುದು?" ಅಂದ. ಅವನು ಸುಮ್ನೆ ಕೇಳಿದ್ದು, ಉಪ್ಪಳ ದಾಟುವಷ್ಟರಲ್ಲಿ ಮೊಬೈಲಿಗೆ ಮರಳಿದ. ಪ್ರಶ್ನೆ ನನ್ನ ಬಳಿ ಉಳಿಯಿತು. ಕಥೆಯೇ ನೆನಪಿರದ ಪುಸ್ತಕವನ್ನು ಇಷ್ಟು ವರ್ಷ ಯಾಕೆ ಬಿಡದೆ ಓದುತ್ತಿದ್ದೇನೆ?

ಮಾವ ಹೇಳಿಕೊಟ್ಟ ಓದು

ಈ ಚಟ ಹತ್ತಿಸಿದ್ದು ನನ್ನ ಸೋದರಮಾವ. ಕಾಸರಗೋಡಿನ ಬದಿಯಡ್ಕದ ಹತ್ತಿರ ಅವರ ಮನೆ, ಸುತ್ತ ಅಡಿಕೆ ತೋಟ. ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲೇ ಮೇಲೆ ಬಂದು, ಅಲ್ಲೇ ನಿವೃತ್ತರಾದವರು. ಸೇರಿದಾಗ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿತ್ತು. 1956ರ ನವೆಂಬರ್ 1ರಂದು ಕೇರಳ ಆಯಿತು. ಅವರ ಮೇಜು ಅದೇ, ಕುರ್ಚಿ ಅದೇ, ಕಿಟಕಿಯ ಹೊರಗಿನ ಮಾವಿನ ಮರ ಅದೇ. ಕಾಗದದ ಮೇಲ್ತುದಿಯಲ್ಲಿದ್ದ ಸರಕಾರದ ಹೆಸರು ಮಾತ್ರ ಬೇರೆ. ಆಮೇಲೆ ಅವರು ಮಲಯಾಳ ಅಕ್ಷರ ಕಲಿತು, ಮಲಯಾಳದಲ್ಲಿ ಟಿಪ್ಪಣಿ ಬರೆಯುವುದಕ್ಕೆ ಕಲಿತು, ಕಚೇರಿಗೆ ಬಂದವರ ಹತ್ತಿರ ತುಳುವಿನಲ್ಲಿ ಮಾತಾಡಿ, ಮೇಲಿನವರಿಗೆ ಮಲಯಾಳದಲ್ಲಿ ವರದಿ ಒಪ್ಪಿಸಿ, ಸಂಜೆ ಮನೆಗೆ ಬಂದು ಕನ್ನಡ ಪೇಪರ್ ಓದುತ್ತಿದ್ದರು.

ಅವರ ಕಪಾಟಿನಲ್ಲಿ ಇಂಗ್ಲಿಷ್ ಪೇಪರ್‌ಬ್ಯಾಕುಗಳ ಒಂದು ಸಾಲು ಇತ್ತು. ಮಂಗಳೂರಿಗೆ ಹೋದಾಗ ಹಳೇ ಪುಸ್ತಕದ ಅಂಗಡಿಗಳಿಂದ ತಂದದ್ದು. ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ ಅಂತ ಎಲ್ಲದಕ್ಕೂ ಹಳೇ ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿ ಇಟ್ಟಿದ್ದರು, ಹಾಗಾಗಿ ಯಾವ ಪುಸ್ತಕ ಯಾವುದು ಅಂತ ಹೊರಗಿನಿಂದ ಗೊತ್ತಾಗುತ್ತಿರಲಿಲ್ಲ. ಹೈಸ್ಕೂಲು ಮುಗಿದ ರಜೆಯಲ್ಲಿ, ಜೂನ್ ಮಳೆ ಹಿಡಿದ ಒಂದು ಮಧ್ಯಾಹ್ನ, ಜಗಲಿಯಲ್ಲಿ ಕೂತಿದ್ದ ನನ್ನ ಕೈಗೆ ಒಂದು ಪುಸ್ತಕ ಕೊಟ್ಟರು. ಸ್ವಲ್ಪ ಓದಿ, ಇಂಗ್ಲಿಷೂ ಕಷ್ಟ, ಏನೂ ನಡೆಯುವುದೇ ಇಲ್ಲವಲ್ಲ ಅಂತ ಗೊಣಗಿದೆ.

"ಗುಂಡು ಹಾರುವ ಪುಟ ಬೇಗ ಬೇಗ ಓದು, ತೊಂದರೆ ಇಲ್ಲ" ಅಂದರು. "ಫೈಲ್ ಬರುವಲ್ಲಿ ನಿಧಾನ ಮಾಡು. ಕಥೆ ಅಲ್ಲಿ ಉಂಟು."

"ಫೈಲಲ್ಲಿ ಎಂತ ಕಥೆ ಮಾವ?"

"ಫೈಲಿನಿಂದ ಒಂದು ಕಾಗದ ಕಾಣೆಯಾದರೆ, ತೆಗೆದವ ಯಾರು ಅಂತ ಆಫೀಸಿನಲ್ಲಿ ಒಬ್ಬನಿಗಾದರೂ ಗೊತ್ತಿರ್ತದೆ. ಅವ ಯಾಕೆ ಹೇಳುವುದಿಲ್ಲ? ಅದೇ ಕಥೆ."

ಜಾನ್ ಲೆ ಕಾರೆ 1974ರಲ್ಲಿ ಬರೆದ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ' ಓದುವಾಗೆಲ್ಲ ಈ ಮಾತು ಕಿವಿಯಲ್ಲಿ ಇರುತ್ತದೆ. ಬ್ರಿಟಿಷ್ ಗುಪ್ತಚರ ಸಂಸ್ಥೆಯ ತುದಿಯಲ್ಲೇ ಒಬ್ಬ ರಷ್ಯನ್ ಏಜೆಂಟ್ ಕೂತಿದ್ದಾನೆ, ಅವನನ್ನು ಹುಡುಕಬೇಕು. ಹುಡುಕುವವನು ಜಾರ್ಜ್ ಸ್ಮೈಲಿ. ಅವನು ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಹೋಟೆಲ್ ರೂಮಿನಲ್ಲಿ ಕೂತು ಓದುತ್ತಾನೆ. ಕದ್ದು ತರಿಸಿದ ಫೈಲು, ಹಳೇ ಖರ್ಚಿನ ಲೆಕ್ಕ, ಯಾರು ಯಾವ ರಾತ್ರಿ ಡ್ಯೂಟಿಯಲ್ಲಿದ್ದರು ಅನ್ನುವ ದಾಖಲೆ. ಕೆಲಸದಿಂದ ತೆಗೆದುಹಾಕಲ್ಪಟ್ಟ ಹಳೇ ಸಹೋದ್ಯೋಗಿಗಳ ಮನೆಗೆ ಹೋಗಿ ಅವರ ಮಾತು ಕೇಳುತ್ತಾನೆ. ಅದರಲ್ಲಿ ಕೋನಿ ಸ್ಯಾಕ್ಸ್ ಅಂತ ಒಬ್ಬ ಹೆಂಗಸು ಇದ್ದಾಳೆ. ರಷ್ಯನ್ನರ ಬಗ್ಗೆ ಅವಳಿಗೆ ಇರುವಷ್ಟು ನೆನಪು ಇಡೀ ಸಂಸ್ಥೆಯಲ್ಲಿ ಯಾರಿಗೂ ಇಲ್ಲ, ಸರಿಯಾದವನ ಮೇಲೆ ಅನುಮಾನ ಪಟ್ಟದ್ದಕ್ಕೇ ಅವಳನ್ನು ಮನೆಗೆ ಕಳಿಸಿರುತ್ತಾರೆ. ಯಾವ ಕಚೇರಿಯಲ್ಲಿ ಕೆಲಸ ಮಾಡಿದವರಿಗೂ ಕೋನಿ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಎಲ್ಲ ಕಚೇರಿಯಲ್ಲೂ ಅಂಥವರೊಬ್ಬರು ಇದ್ದರು, ಅವರನ್ನು ಕಳಿಸಿದ ಮೇಲೆ ಯಾವ ಕಾಗದ ಎಲ್ಲಿದೆ ಅಂತ ಯಾರಿಗೂ ತಿಳಿಯದಂತಾಯಿತು.

ಒಣ ಮಾತು

ಈ ಬಗೆಯ ಬರವಣಿಗೆ ಎರಡು ಕಡೆಯಿಂದ ಹರಿದು ಬಂದು ಸೇರಿದೆ ಅಂತ ನನಗೆ ಕಾಣುತ್ತದೆ. ಒಂದು ಅಮೆರಿಕದ್ದು. ಡ್ಯಾಶಿಯಲ್ ಹ್ಯಾಮೆಟ್ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ನಿಜಕ್ಕೂ ದುಡಿದವರು. ಆ ಕೆಲಸದ ವಾಸನೆ ಅವರ ವಾಕ್ಯಗಳಲ್ಲಿದೆ. 1929ರ 'ರೆಡ್ ಹಾರ್ವೆಸ್ಟ್'ನಲ್ಲಿ ಕಥೆ ಹೇಳುವವನಿಗೆ ಹೆಸರೇ ಇಲ್ಲ, ತನಗೆ ಏನನಿಸಿತು ಅಂತ ಅವನು ಹೇಳುವುದು ಬಹಳ ಕಮ್ಮಿ. ಏನು ಮಾಡಿದೆ, ಎದುರಿನವನು ಏನಂದ, ಅಷ್ಟೇ. ಇನ್ನೊಂದು ಇಂಗ್ಲೆಂಡಿನದು. ಸಾಮರ್ಸೆಟ್ ಮಾಮ್ ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗಾಗಿ ಗೂಢಚಾರಿಕೆ ಮಾಡಿ, ಆ ಅನುಭವದಿಂದ 1928ರಲ್ಲಿ 'ಆಶೆಂಡೆನ್' ಬರೆದರು. ಅದರಲ್ಲಿ ಏಜೆಂಟನ ದಿನ ಬೇಸರದ್ದು, ಗುಮಾಸ್ತನ ದಿನದ ಹಾಗೆಯೇ. ಎರಿಕ್ ಆಂಬ್ಲರ್ 1930ರ ದಶಕದಲ್ಲಿ ಸಾಮಾನ್ಯ ಮನುಷ್ಯರನ್ನು ತಂದು ಈ ಜಾಲದೊಳಗೆ ನಿಲ್ಲಿಸಿದರು.

ಇವೆರಡೂ ಚೆನ್ನಾಗಿ ಬೆರೆತದ್ದು ಲೆನ್ ಡೈಟನ್ ಅವರ 'ದ ಇಪ್‌ಕ್ರೆಸ್ ಫೈಲ್'ನಲ್ಲಿ, 1962ರಲ್ಲಿ. ಇಲ್ಲೂ ಕಥೆ ಹೇಳುವವನ ಹೆಸರು ಪುಸ್ತಕದಲ್ಲಿ ಇಲ್ಲ, ಸಿನಿಮಾ ಮಾಡುವಾಗ ಸಿನಿಮಾದವರು ಒಂದು ಹೆಸರು ಇಟ್ಟುಕೊಂಡರು. ಸಂಬಳ ಬಾಕಿ ಇದೆ. ಮೇಲಿನವರು ದೊಡ್ಡ ಸ್ಕೂಲುಗಳಲ್ಲಿ ಓದಿದವರು, ಇವನು ಹಾಗಲ್ಲ. ಒಳ್ಳೆಯ ಕಾಫಿ, ಒಳ್ಳೆಯ ಅಡುಗೆ ಅಂದರೆ ಇವನಿಗೆ ಜೀವ. (ಡೈಟನ್ ಅಡುಗೆಯನ್ನು ಚಿತ್ರಗಳಲ್ಲಿ ಹೇಳಿಕೊಡುವ ಅಂಕಣವನ್ನು ಪತ್ರಿಕೆಗೆ ಬರೆಯುತ್ತಿದ್ದವರು, ನನಗೆ ಅವರ ಮೇಲೆ ಪ್ರೀತಿ ಹುಟ್ಟಲು ಅದೂ ಒಂದು ಕಾರಣ.) ಇದಕ್ಕೆ ಒಂಬತ್ತು ವರ್ಷ ಮೊದಲು, 1953ರಲ್ಲಿ, ಜೇಮ್ಸ್ ಬಾಂಡ್ ಬಂದಾಗಿತ್ತು. ಬಾಂಡ್ ಓದುವಾಗ ನಾವು ಅವನಾಗಬೇಕು ಅನಿಸುತ್ತದೆ. ಡೈಟನ್ನನ ಹೆಸರಿಲ್ಲದ ಮನುಷ್ಯನನ್ನು ಓದುವಾಗ ನಾವು ಆಗಲೇ ಅವನು.

ಒಣ ಮಾತಿನಲ್ಲಿ ಒಂದು ಗೌರವ ಇದೆ. ಬರೆದವರು ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ, ಓದುವವನಿಗೆ ತಿಳಿಯುತ್ತದೆ ಅಂತ ನಂಬುತ್ತಾರೆ. ಇಬ್ಬರು ಮೇಜಿನ ಆಚೀಚೆ ಕೂತು ಹವಾಮಾನ ಮಾತಾಡುತ್ತಾರೆ, ಮಾತು ಮುಗಿಯುವಾಗ ಒಬ್ಬನ ನೌಕರಿ ಹೋಗಿರುತ್ತದೆ. ಅದು ಯಾವ ವಾಕ್ಯದಲ್ಲಿ ಹೋಯಿತು ಅಂತ ನಾವು ಹಿಂದೆ ಹೋಗಿ ಹುಡುಕಬೇಕು. ಮೊದಲ ಓದಿಗಿಂತ ಎರಡನೆಯ ಓದು ಹೆಚ್ಚು ರುಚಿ ಕೊಡುವುದು ಇದಕ್ಕೇ. ನಮ್ಮ ಕಾಸರಗೋಡಿನಲ್ಲಿ ಬೆಳೆದವರಿಗೆ ಈ ಕೆಲಸ ಅಭ್ಯಾಸವಾಗಿರುತ್ತದೆ. ಅಂಗಡಿಗೆ ಹೋದರೆ ಎದುರಿನವರು ಯಾವ ಭಾಷೆಯವರು ಅಂತ ಅವರ ಮೊದಲ ಶಬ್ದದಲ್ಲಿ ತಿಳಿದು ಅದಕ್ಕೆ ಹೊಂದುತ್ತೇವೆ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಕನ್ನಡ, ಮರಾಠಿ ಎಲ್ಲ ಒಂದೇ ಪೇಟೆಯಲ್ಲಿ. ಯಾರ ಎದುರು ಏನು ಹೇಳಬೇಕು, ಏನು ಹೇಳಬಾರದು ಅನ್ನುವುದನ್ನು ಶಾಲೆಗೆ ಸೇರುವ ಮೊದಲೇ ಕಲಿತಿರುತ್ತೇವೆ. ಕಿವಿ ತೆರೆದು ಇಟ್ಟುಕೊಂಡು ಬದುಕುವುದು ಹೇಗೆ ಅಂತ ನಮಗೆ ಗೊತ್ತು, ಅದಕ್ಕೇ ಈ ಪುಸ್ತಕಗಳು ನಮಗೆ ಬೇಗ ಹಿಡಿಸುತ್ತವೆ ಅಂತ ನನ್ನ ನಂಬಿಕೆ.

ತಲಪಾಡಿಯಲ್ಲಿ ಕಾದದ್ದು

2020ರ ಮಾರ್ಚ್ ಕೊನೆ. ಲಾಕ್‌ಡೌನ್ ಆಗಿ ಕೇರಳ, ಕರ್ನಾಟಕದ ನಡುವಿನ ಗಡಿ ಮುಚ್ಚಿತ್ತು. ಮಂಗಳೂರಿನ ಕಡೆ ಹೋಗುವ ರಸ್ತೆಗಳಿಗೆ ಕೆಂಪು ಮಣ್ಣು ಸುರಿದಿದ್ದರು. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ, ಅದು ತಲೆಮಾರುಗಳಿಂದ ಹಾಗೆ. ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ವಿಷಯ ಕೇರಳ ಹೈಕೋರ್ಟಿಗೆ ಹೋಗಿ, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು.

ಪಕ್ಕದ ಮನೆಯ ಅಜ್ಜಿಗೆ ಒಂದು ಮಾತ್ರೆ ಮಂಗಳೂರಿನಲ್ಲಿ ಮಾತ್ರ ಸಿಗುತ್ತಿತ್ತು. ಉಳ್ಳಾಲದ ಗೆಳೆಯ ಅದನ್ನು ಕೊಂಡು ಆ ಕಡೆಯಿಂದ ತಲಪಾಡಿಗೆ ತರುವುದು, ನಾನು ಈ ಕಡೆಯಿಂದ ಪಾಸು ಹಿಡಿದು ಹೋಗುವುದು ಅಂತ ಮಾತಾಯಿತು. ಹೋದೆ. ಬಿಸಿಲು ಅಂದರೆ ಬಿಸಿಲು. ರಸ್ತೆಯಲ್ಲಿ ಒಂದು ಬಸ್ಸಿಲ್ಲ. ಸಾಮಾನ್ಯ ದಿನ ಎರಡೂ ರಾಜ್ಯದ ಸಾರಿಗೆ ಬಸ್ಸುಗಳು ಒಂದರ ಹಿಂದೆ ಒಂದು ಓಡುವ ಜಾಗ, ಗಡಿ ದಾಟಿದ್ದು ಕಂಡಕ್ಟರನಿಗೂ ಗಮನಕ್ಕೆ ಬರುವುದಿಲ್ಲ. ಅವತ್ತು ಆ ಕಡೆ ಪೊಲೀಸರು, ಈ ಕಡೆ ಪೊಲೀಸರು, ನಡುವೆ ಖಾಲಿ ಡಾಂಬರು. ಗೆಳೆಯನ ಸ್ಕೂಟರ್ ದೂರದಲ್ಲಿ ಕಾಣುತ್ತಿತ್ತು. ಅವನು ಕೈ ಎತ್ತಿದ, ನಾನೂ ಎತ್ತಿದೆ. ಅವನ ಬಳಿ ಏನೋ ಕೇಳುತ್ತಿದ್ದರು. ಅವನು ಚೀಟಿ ತೆಗೆದು ತೋರಿಸಿದ. ಒಬ್ಬರು ಫೋನ್ ಮಾಡಿದರು. ಮತ್ತೆ ಕಾಯುವುದು. ನನ್ನ ಪಕ್ಕದಲ್ಲಿದ್ದ ಪೊಲೀಸಿನವರು ನನಗೆ ನೀರಿನ ಬಾಟಲಿ ಕೊಟ್ಟು "ನಿಂಙಳ್ ಅವಿಡೆ ನಿಳಲಿಲ್ ಇರಿಕ್ಕ್" ಅಂದರು, ನೆರಳಲ್ಲಿ ಕೂತ್ಕೊಳ್ಳಿ ಅಂತ. ಕೊನೆಗೆ ಆ ಪೊಟ್ಟಣ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದು ನನಗೆ ಸಿಕ್ಕಿತು.

'ದ ಸ್ಪೈ ಹೂ ಕೇಮ್ ಇನ್ ಫ್ರಂ ದ ಕೋಲ್ಡ್' ಶುರುವಾಗುವುದೇ ಇಂಥ ಕಾಯುವಿಕೆಯಿಂದ. ಬರ್ಲಿನ್ ಗೋಡೆ ಎದ್ದದ್ದು 1961ರ ಆಗಸ್ಟ್‌ನಲ್ಲಿ, ಪುಸ್ತಕ ಬಂದದ್ದು 1963ರಲ್ಲಿ. ಬರೆಯುವಾಗ ಲೆ ಕಾರೆ ಜರ್ಮನಿಯಲ್ಲೇ, ಬಾನ್‌ನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿದ್ದರು, ಗುಪ್ತಚರ ಸಂಸ್ಥೆಯ ಮನುಷ್ಯನಾಗಿಯೇ. ಮೊದಲ ಅಧ್ಯಾಯದಲ್ಲಿ ಬ್ರಿಟಿಷ್ ಗೂಢಚಾರ ಲೀಮಸ್ ಪಶ್ಚಿಮದ ಠಾಣೆಯಲ್ಲಿ ನಿಂತು ತನ್ನ ಏಜೆಂಟ್ ಆ ಕಡೆಯಿಂದ ಬರುವುದನ್ನು ಕಾಯುತ್ತಾನೆ. ಪಕ್ಕದ ಅಮೆರಿಕನ್ ಕಾಫಿ ಕೊಟ್ಟು, ಹೋಗಿ ಮಲಗು ಅನ್ನುತ್ತಾನೆ. ಏಜೆಂಟ್ ಸೈಕಲ್ಲಿನಲ್ಲಿ ಬರುತ್ತಾನೆ. ಕಾಗದಪತ್ರ ತೋರಿಸಿ ಆಯಿತು, ಇನ್ನೇನು ದಾಟಿದ ಅನ್ನುವಾಗ ಗುಂಡು ಹೊಡೆಯುತ್ತಾರೆ.

ತಲಪಾಡಿಯಲ್ಲಿ ಯಾರ ಕೈಯಲ್ಲೂ ಬಂದೂಕು ಏರಿರಲಿಲ್ಲ, ಎರಡನ್ನೂ ಸಮ ಅಂತ ಹೇಳುವುದು ಆ ಸತ್ತ ಮನುಷ್ಯರಿಗೆ ಅನ್ಯಾಯ. ಆದರೆ ಆ ಅಧ್ಯಾಯ ಮುಂಚೆ ನನಗೆ ಬರೀ ರೋಚಕ ಆರಂಭವಾಗಿತ್ತು. ಆ ದಿನದ ಮೇಲೆ ಅದು ಗೆರೆಯ ಒಂದು ಬದಿಯಲ್ಲಿ ನಿಂತವನ ಕೈಲಾಗದ ಸ್ಥಿತಿಯ ಬಗ್ಗೆ ಬರೆದದ್ದು ಅಂತ ಕಾಣುತ್ತದೆ. ನೋಡಬಹುದು, ಕೈ ಎತ್ತಬಹುದು, ಅಷ್ಟೇ. ನಿರ್ಧಾರ ಎಲ್ಲೋ ದೂರದ ಕಚೇರಿಯಲ್ಲಿ, ನಮ್ಮ ಮುಖ ನೋಡದವರು ಮಾಡಿ ಆಗಿರುತ್ತದೆ.

ಯಾರ ಕಡೆಯವನು?

ಕಿಮ್ ಫಿಲ್ಬಿ ಹುಟ್ಟಿದ್ದು ನಮ್ಮ ದೇಶದಲ್ಲಿ, ಅಂಬಾಲಾದಲ್ಲಿ, 1912ರಲ್ಲಿ. ಕಿಮ್ ಅನ್ನುವ ಅಡ್ಡಹೆಸರು ಬಂದದ್ದು ಕಿಪ್ಲಿಂಗ್ ಕಾದಂಬರಿಯ ಹುಡುಗನಿಂದ, ಅವನೂ ಗೂಢಚಾರನೇ. ಫಿಲ್ಬಿ ಬ್ರಿಟಿಷ್ ಗುಪ್ತಚರ ಸಂಸ್ಥೆಯಲ್ಲಿ ಸೋವಿಯತ್ ವಿರೋಧಿ ವಿಭಾಗದ ಮುಖ್ಯಸ್ಥನಾದ, ಸೋವಿಯತ್ತರಿಗೇ ಕೆಲಸ ಮಾಡುತ್ತಾ. 1963ರ ಜನವರಿಯಲ್ಲಿ ಬೇರೂತಿನಿಂದ ಮಾಯವಾಗಿ ಮಾಸ್ಕೋ ಸೇರಿದ, 1988ರಲ್ಲಿ ಅಲ್ಲೇ ಸತ್ತ. ಈ ಬಗೆಯ ಕಾದಂಬರಿಗಳ ಮೇಲೆಲ್ಲ ಅವನ ನೆರಳಿದೆ.

ಅವನ ವಿಷಯದಲ್ಲಿ ಇಬ್ಬರು ದೊಡ್ಡ ಬರಹಗಾರರು ಬೇರೆ ಬೇರೆ ದಾರಿ ಹಿಡಿದರು. ಗ್ರಹಾಂ ಗ್ರೀನ್ ಯುದ್ಧದ ಕಾಲದಲ್ಲಿ ಫಿಲ್ಬಿಯ ಕೈಕೆಳಗೆ ಕೆಲಸ ಮಾಡಿದವರು. 1968ರಲ್ಲಿ ಫಿಲ್ಬಿಯ ಆತ್ಮಕಥೆಗೆ ಮುನ್ನುಡಿ ಬರೆದುಕೊಟ್ಟರು. ಲೆ ಕಾರೆ 1987ರಲ್ಲಿ ಮಾಸ್ಕೋಗೆ ಹೋದಾಗ ಅವನನ್ನು ಭೇಟಿಯಾಗುವ ಅವಕಾಶ ಬಂದರೂ ಒಲ್ಲೆ ಅಂದರು. ನಾನು ಲೆ ಕಾರೆ ಕಡೆ. 1945ರಲ್ಲಿ ಇಸ್ತಾಂಬುಲಿನಲ್ಲಿ ವೋಲ್ಕೊವ್ ಅನ್ನುವ ಸೋವಿಯತ್ ಅಧಿಕಾರಿ ಬ್ರಿಟಿಷರ ಕಡೆ ಬರಲು ಮುಂದಾದ. ಆ ವಿಷಯ ಫಿಲ್ಬಿಯ ಮೇಜಿಗೆ ಬಂತು, ಫಿಲ್ಬಿ ಮಾಸ್ಕೋಗೆ ತಿಳಿಸಿದ, ವೋಲ್ಕೊವ್‌ನನ್ನು ವಿಮಾನದಲ್ಲಿ ಹೊತ್ತೊಯ್ದರು. ಆಮೇಲೆ ಅವನು ಹೊರಗೆ ಕಾಣಲಿಲ್ಲ. ಸಿದ್ಧಾಂತ ಏನೇ ಇರಲಿ, ನಿನ್ನನ್ನು ನಂಬಿ ಬಂದ ಅರ್ಜಿಯನ್ನು ನೀನು ಹೀಗೆ ಮಾಡಬಾರದು.

ಆದರೆ ಗ್ರೀನ್ ಬರೆದ ಕಾದಂಬರಿ ಅವರ ಮುನ್ನುಡಿಗಿಂತ ದೊಡ್ಡದು. 1978ರ 'ದ ಹ್ಯೂಮನ್ ಫ್ಯಾಕ್ಟರ್'ನಲ್ಲಿ ಕ್ಯಾಸಲ್ ಅನ್ನುವ ಶಾಂತ ಗುಮಾಸ್ತನಂಥ ಮನುಷ್ಯ ರಹಸ್ಯಗಳನ್ನು ದಾಟಿಸುತ್ತಾನೆ. ಹಣಕ್ಕಾಗಿ ಮಾಡುವುದಿಲ್ಲ, ಸಿದ್ಧಾಂತದ ಹುಚ್ಚೂ ಅವನಿಗಿಲ್ಲ. ದಕ್ಷಿಣ ಆಫ್ರಿಕದಿಂದ ಅವನ ಕಪ್ಪು ಹೆಂಡತಿಯನ್ನು ಪಾರು ಮಾಡಿದ ಒಬ್ಬ ಕಮ್ಯುನಿಸ್ಟನ ಋಣ ಅವನ ಮೇಲಿದೆ. ಅವನ ತಪ್ಪಿಗೆ ಪಕ್ಕದ ಮೇಜಿನ ಡೇವಿಸ್ ಸಾಯುತ್ತಾನೆ, ಮೇಲಿನವರು ತಪ್ಪಾಗಿ ಅವನನ್ನು ಅನುಮಾನಿಸಿ ವಿಷ ಹಾಕುತ್ತಾರೆ. ಋಣ ತೀರಿಸಿದ್ದು ಸರಿಯಾ? ಗ್ರೀನ್ ತೀರ್ಪು ಕೊಡುವುದಿಲ್ಲ. ನಾನೂ ಎಷ್ಟು ಸಲ ಓದಿದರೂ ಕೊಡಲಾಗಿಲ್ಲ.

ಇಲ್ಲಿ ಮಾವನ ಇನ್ನೊಂದು ನೆನಪು. ಅವರ ತಮ್ಮ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಮೆರವಣಿಗೆಯಲ್ಲಿ ಘೋಷಣೆ ಕೂಗುತ್ತಿದ್ದವರು. ಮಾವ ಅದೇ ಹೊತ್ತಿಗೆ ಕಚೇರಿಯೊಳಗೆ ಕೂತು ಕೇರಳ ಸರಕಾರದ ಕಾಗದಕ್ಕೆ ಉತ್ತರ ಬರೆಯುತ್ತಿದ್ದವರು. ರಾತ್ರಿ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು, ಆ ವಿಷಯ ಎತ್ತುತ್ತಿರಲಿಲ್ಲ. ತಮ್ಮನನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಮಾವನನ್ನು ಎರಡೂ ಕಡೆಯವರು ಅನುಮಾನದಿಂದ ನೋಡಿದರು. ದೊಡ್ಡವನಾದ ಮೇಲೆ ಒಮ್ಮೆ ಕೇಳಿದೆ, "ಆ ಕಡೆಗೆ ಹೋಗಿಬಿಡಬಹುದಿತ್ತಲ್ವಾ ಮಾವ, ಮಂಗಳೂರಲ್ಲಿ ಏನಾದರೂ ಕೆಲಸ ಸಿಗ್ತಿತ್ತು."

ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಇಲ್ಲಿಯವರ ಅರ್ಜಿ ಕನ್ನಡದಲ್ಲಿ ಬರ್ತದೆ. ಓದುವವ ಒಬ್ಬನಾದರೂ ಒಳಗೆ ಬೇಕಲ್ಲ" ಅಂದರು.

ಅವರ ಕಪಾಟಿನ ಪುಸ್ತಕಗಳು ನನಗೆ ಅರ್ಥವಾದದ್ದು ಅವತ್ತು. ಸಂಸ್ಥೆ ತನ್ನನ್ನು ಪ್ರೀತಿಸುವುದಿಲ್ಲ ಅಂತ ಗೊತ್ತಿದ್ದೂ, ಯಾರೋ ಗೊತ್ತಿಲ್ಲದವರಿಗಾಗಿ ಒಳಗೆ ಕೂತು ಸರಿಯಾಗಿ ಕೆಲಸ ಮಾಡುವ ಮನುಷ್ಯ. ಹೊರಗೆ ಅವನಿಗೆ ಹೆಸರಿಲ್ಲ, ಒಳಗೆ ಅವನ ಮೇಲೆ ನಂಬಿಕೆ ಇಲ್ಲ. ನನಗೆ ಈ ಕಾದಂಬರಿಗಳ ಸೆಳೆತ ಪೂರ್ತಿ ಅಲ್ಲಿದೆ. ಬಂದೂಕು, ಗೋಡೆ, ಸಂಕೇತ ಭಾಷೆ ಎಲ್ಲ ತೆಗೆದರೂ ಅವನು ಉಳಿಯುತ್ತಾನೆ.

ನನಗೆ ಹಿಡಿಸದ್ದು

ಮೆಚ್ಚುವವನು ಇದನ್ನೂ ಹೇಳಬೇಕು. ಇವುಗಳಲ್ಲಿ ಹೆಂಗಸರ ಚಿತ್ರ ಬಹಳ ಬಡವಾಗಿದೆ. ಸ್ಮೈಲಿಯ ಹೆಂಡತಿ ಆನ್ ಕಥೆಗೆ ಬೇಕು, ಆದರೆ ಅವಳ ಮನಸ್ಸು ನಮಗೆ ಸಿಗುವುದಿಲ್ಲ. ಲೀಮಸ್‌ನನ್ನು ಪ್ರೀತಿಸುವ ಲಿಜ್ ಒಳ್ಳೆಯವಳು, ಒಳ್ಳೆಯವಳಾಗಿರುವುದಷ್ಟೇ ಅವಳ ಕೆಲಸ. ಬಾಂಡ್ ಪುಸ್ತಕಗಳಲ್ಲಿ ಬಿಳಿಯರಲ್ಲದವರನ್ನು ಬರೆದ ರೀತಿ ಓದಿದರೆ ಈಗ ಮೈ ಉರಿಯುತ್ತದೆ. ಈಚಿನ ನಮ್ಮ ಸಿನಿಮಾ ಗೂಢಚಾರರು ಬೇರೆ ರೀತಿಯ ತೊಂದರೆ. ಅವರಿಗೆ ಅನುಮಾನವೇ ಬರುವುದಿಲ್ಲ. ಕೂಗಿ ದೇಶಭಕ್ತಿ ತೋರಿಸುವ ಗೂಢಚಾರ ಒಂದು ದಿನವೂ ಬದುಕಿ ಉಳಿಯಲಾರ.

ನಮ್ಮ ಕಪಾಟಿನಲ್ಲಿ

ಕನ್ನಡದಲ್ಲಿ ಪತ್ತೇದಾರಿ ಓದು ಚೆನ್ನಾಗಿ ಬೆಳೆಯಿತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಕಾದಂಬರಿ ಓದುವ ರುಚಿ ಹಿಡಿದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟೋ ಮಂದಿ. ಅಲ್ಲಿ ಕೊನೆಗೆ ಕಳ್ಳ ಸಿಕ್ಕುತ್ತಾನೆ, ಊರು ನೆಮ್ಮದಿಯಿಂದ ಮಲಗುತ್ತದೆ. ಆ ನೆಮ್ಮದಿಗೂ ಬೆಲೆ ಇದೆ. ಆದರೆ ಕೊನೆಯಲ್ಲಿ ಯಾರು ಗೆದ್ದರು ಅಂತ ತಿಳಿಯದ ಒಣ ಗೂಢಚಾರ ಕಾದಂಬರಿಗಾಗಿ ನಾನು ಕನ್ನಡದಲ್ಲಿ ಹಸಿದೇ ಇದ್ದೇನೆ.

ಸಾಮಗ್ರಿಗೆ ಬರ ಇಲ್ಲ. 1955ರಲ್ಲಿ ಏರ್ ಇಂಡಿಯಾದ 'ಕಾಶ್ಮೀರ್ ಪ್ರಿನ್ಸೆಸ್' ವಿಮಾನ ಹಾಂಗ್‌ಕಾಂಗಿನಿಂದ ಜಕಾರ್ತಾಕ್ಕೆ ಹೋಗುವಾಗ ಬಾಂಬಿನಿಂದ ಸಮುದ್ರಕ್ಕೆ ಬಿತ್ತು. ಗುರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್, ಅವರು ಅದರಲ್ಲಿ ಹತ್ತಿರಲೇ ಇಲ್ಲ. ತನಿಖೆಯಲ್ಲಿ ಭಾರತದ ಕಡೆಯಿಂದ ಹೋದ ಅಧಿಕಾರಿ ಆರ್.ಎನ್. ಕಾವ್, 1968ರಲ್ಲಿ ನಮ್ಮ ಗುಪ್ತಚರ ಸಂಸ್ಥೆ 'ರಾ' ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥರಾದವರು. ಇನ್ನೂ ಹಿಂದೆ ಹೋದರೆ, ಟಿಪ್ಪು ಸತ್ತ ಮರುವರ್ಷ ಕಂಪನಿಯ ವೈದ್ಯ ಫ್ರಾನ್ಸಿಸ್ ಬ್ಯೂಕನನ್ ಮೈಸೂರು, ಮಲಬಾರ್, ಕೆನರಾ ಸುತ್ತಲು ಹೊರಟರು. ನಮ್ಮ ಕರಾವಳಿಯ ದಾರಿಯಲ್ಲೇ ಉತ್ತರಕ್ಕೆ ಹೋದರು. ಗದ್ದೆ ಎಷ್ಟು, ಕಾಳುಮೆಣಸಿನ ದರ ಎಷ್ಟು, ಯಾವ ಜಾತಿಯವರು ಏನು ಕೆಲಸ ಮಾಡುತ್ತಾರೆ ಅಂತ ಊರೂರಿನಲ್ಲಿ ಕೇಳಿ ಬರೆದುಕೊಂಡರು. 1807ರಲ್ಲಿ ಅದು ಪುಸ್ತಕವಾಯಿತು. ಹೊಸದಾಗಿ ಗೆದ್ದ ನಾಡನ್ನು ಆಳಲು ಬೇಕಾದ ಮಾಹಿತಿ ಅದು. ಅವರಿಗೆ ಉತ್ತರ ಹೇಳಿದ ಊರವರು ಏನನ್ನು ಮುಚ್ಚಿಟ್ಟರು ಅನ್ನುವುದೇ ಒಂದು ಕಾದಂಬರಿ.

ಆದರೆ ನನಗೆ ಬೇಕಾದ್ದು ಇನ್ನೂ ಹತ್ತಿರದ್ದು. 1956ರ ಅಕ್ಟೋಬರ್ ತಿಂಗಳು, ಕಾಸರಗೋಡಿನ ಒಂದು ಕಚೇರಿ. ಮಳೆ ಪೂರ್ತಿ ಬಿಟ್ಟಿಲ್ಲ. ಗುಮಾಸ್ತರು ಫೈಲುಗಳನ್ನು ಎರಡು ರಾಶಿ ಮಾಡುತ್ತಿದ್ದಾರೆ, ಮಂಗಳೂರಿಗೆ ಹೋಗುವುದು ಒಂದು, ಇಲ್ಲೇ ಉಳಿಯುವುದು ಇನ್ನೊಂದು. ಒಂದು ಫೈಲು ಎರಡು ರಾಶಿಯಲ್ಲೂ ಇಲ್ಲ. ಅದನ್ನು ತೆಗೆದವನು ಯಾರು ಅಂತ ಅಲ್ಲಿರುವ ಒಬ್ಬನಿಗೆ ಗೊತ್ತು. ಇಷ್ಟು ನನ್ನ ತಲೆಯಲ್ಲಿದೆ, ಮುಂದಿನದು ನನ್ನ ಕೈಲಿ ಆಗುವುದಲ್ಲ. ಬರೆಯುವ ಶಕ್ತಿ ಇರುವ ಯಾರಾದರೂ ಇದನ್ನು ಎತ್ತಿಕೊಂಡರೆ ಸಂತೋಷ. ಆಗಿನ ಕಚೇರಿಯ ಕನ್ನಡ ಹೇಗಿತ್ತು, ಚಂದ್ರಗಿರಿ ಹೊಳೆಯ ಕಡವು, ಮಂಗಳೂರಿನ ಸಂಜೆ ರೈಲಿಗೆ ಯಾರು ಯಾರು ಹತ್ತುತ್ತಿದ್ದರು ಅಂತ ಮಾವ ಹೇಳಿದ್ದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಕೇಳಿದರೆ ಕೊಡುತ್ತೇನೆ.